ಡಿಂಪ್ನಾಳಿಗೆ ಬಿದ್ದ ಎರಡನೆಯ ಮತಗಳು

ಡಿಂಪ್ನಾ ಗಿಲ್‌ಹೂಲಿ ಚುನಾವಣೆಗೆ ನಿಂತದ್ದು ಬಾರ್ಟ್ಲಿ ಬರ್ನ್ ಎಂಬ ಮುದುಕನ ಮಾತಿನಿಂದ. ಆಮೇಲೆ ನಮ್ಮ ಡ್ರಮ್‌ಕೋರನ್ ಹಳ್ಳಿಯಲ್ಲಿ ಹತ್ತಾರು ಮಂದಿ 'ನಾನೇ ಅವಳಿಗೆ ಹೇಳಿದ್ದು' ಎಂದು ಹೇಳಿಕೊಂಡು ತಿರುಗಿದರು. ಆದರೆ ಅವತ್ತು ದನದ ಸಂತೆಯ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದವರಿಗೆಲ್ಲ ಗೊತ್ತು, ಮೊದಲು ಬಾಯಿ ಬಿಟ್ಟವನು ಬಾರ್ಟ್ಲಿಯೇ.

ಕ್ಯಾರಮಾಯ್ ಪೇಟೆಯಲ್ಲಿ ಪ್ರತಿ ಮಂಗಳವಾರ ದನದ ಹರಾಜು ನಡೆಯುತ್ತದೆ. ಹರಾಜಿನ ಕಟ್ಟೆಯ ಹಿಂದೆ ತಗಡಿನ ಮಾಡಿನ ಒಂದು ಕ್ಯಾಂಟೀನು. ಅದನ್ನು ಡಿಂಪ್ನಾ ನಡೆಸತೊಡಗಿ ಇಪ್ಪತ್ತು ವರ್ಷದ ಮೇಲಾಯಿತು. ಬೇಯಿಸಿದ ಹಂದಿಮಾಂಸ, ಎಲೆಕೋಸು, ಸಿಪ್ಪೆ ಬಿರಿದ ಆಲೂಗೆಡ್ಡೆ, ಕುಡಿದಷ್ಟು ಚಹಾ. ಒಳಗೆ ಬರುವವನ ಮುಖ ನೋಡಿಯೇ ಅವನ ಕರುವಿಗೆ ಬೆಲೆ ಬಂತೋ ಇಲ್ಲವೋ ಅವಳಿಗೆ ತಿಳಿಯುತ್ತಿತ್ತು. ಬೆಲೆ ಬಾರದವನ ತಟ್ಟೆಗೆ ಒಂದು ತುಂಡು ಮಾಂಸ ಹೆಚ್ಚು ಬೀಳುತ್ತಿತ್ತು, ಮಾತಿಲ್ಲದೆ.

ಕೊಡುವುದು ಅವಳಿಗೆ ಸಲೀಸು, ತೆಗೆದುಕೊಳ್ಳುವುದೇ ಕಷ್ಟ. ಗಂಡ ಹಾಸಿಗೆ ಹಿಡಿದಿದ್ದ ಚಳಿಗಾಲದಲ್ಲಿ ನೆರೆಯವರು ಅಡುಗೆ ತಂದುಕೊಟ್ಟಿದ್ದರು. ಆ ಪಾತ್ರೆಗಳಲ್ಲಿ ಒಂದೂ ಬರಿದಾಗಿ ಹಿಂದಿರುಗಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಒಂದೊಂದರಲ್ಲೂ ಬ್ರೆಡ್ಡೋ ಸೇಬಿನ ಸಿಹಿಯೋ ತುಂಬಿ ಮನೆಮನೆಗೆ ಮುಟ್ಟಿಸಿದ್ದಳು. "ಡಿಂಪ್ನಾಗೆ ಉಪಕಾರ ಮಾಡೋದೂ ಒಂದೇ, ಗೋಡೆಗೆ ಚೆಂಡು ಹೊಡೆಯೋದೂ ಒಂದೇ. ಹೋದಷ್ಟೇ ಜೋರಾಗಿ ವಾಪಸ್ ಬರತ್ತೆ" ಎಂದು ಊರಿನವರು ನಗುತ್ತಿದ್ದರು.

ಆ ಮಂಗಳವಾರ ಕ್ಯಾಂಟೀನಿನಲ್ಲಿ ಒಂದೇ ಮಾತು. ಕ್ಯಾರಮಾಯ್‌ನಲ್ಲಿ ವಯಸ್ಸಾದವರ ಹಗಲಿನ ಆರೈಕೆಗೆ ಒಂದು ಕೇಂದ್ರ ಇದೆ. ವಾರಕ್ಕೆರಡು ಸಲ ಮಿನಿಬಸ್ಸು ಹಳ್ಳಿಹಳ್ಳಿಗೆ ಬಂದು ಮುದುಕ ಮುದುಕಿಯರನ್ನು ಕರೆದೊಯ್ಯುತ್ತದೆ. ಅಲ್ಲಿ ಅವರಿಗೆ ಬಿಸಿನೀರಿನ ಸ್ನಾನ, ಕೈಕಾಲಿನ ವ್ಯಾಯಾಮ, ಬಿಸಿ ಊಟ, ಇಸ್ಪೀಟು. ಬಾರ್ಟ್ಲಿಯ ಹೆಂಡತಿ ನೋನಿಗೆ ಪಾರ್ಶ್ವವಾಯು ಬಡಿದ ಮೇಲೆ ಮಾತು ಹೋಗಿತ್ತು, ಹಾಡು ಮಾತ್ರ ಉಳಿದಿತ್ತು. ಆ ಕೇಂದ್ರದಲ್ಲಿ ಅವಳು ಹಾಡುತ್ತಿದ್ದಳು. ಮನೆಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದಳು. ವಸಂತಕ್ಕೆ ಆ ಕೇಂದ್ರವನ್ನು ಮುಚ್ಚಿ, ದೂರದ ದೊಡ್ಡ ಊರಿನ ಕೇಂದ್ರದೊಂದಿಗೆ ಸೇರಿಸುತ್ತೇವೆಂದು ಸರ್ಕಾರ ಹೇಳಿತ್ತು. ಅಷ್ಟು ದೂರಕ್ಕೆ ಮಿನಿಬಸ್ಸು ಹೋಗುವುದಿಲ್ಲ.

ಮ್ಯಾಲಕಿ ಕಾನ್‌ಬಾಯ್ ಅವತ್ತು ಎಂದಿನಂತೆ ಕೈ ಕುಲುಕುತ್ತ ಒಳಗೆ ಬಂದ. ಮೂವತ್ತು ವರ್ಷದಿಂದ ಡಬ್ಲಿನ್‌ನ ಸಂಸತ್ತಿನಲ್ಲಿ ನಮ್ಮ ಕಡೆಯ ಸದಸ್ಯ, ನಮ್ಮ ಮಾತಿನಲ್ಲಿ 'ಡೆಪ್ಯುಟಿ', ಅವನು. ಯಾರ ಸಾವಿಗೂ ತಪ್ಪಿಸಿದವನಲ್ಲ, ಯಾರ ತಾಯಿಯ ಹೆಸರನ್ನೂ ಮರೆತವನಲ್ಲ.

"ಮ್ಯಾಲಕಿ, ವಸಂತ ಬಂದ ಮೇಲೆ ನಮ್ಮ ನೋನಿ ಎಲ್ಲಿಗೆ ಹೋಗ್ಬೇಕು?" ಎಂದು ಬಾರ್ಟ್ಲಿ ತಟ್ಟೆಯಿಂದ ತಲೆಯೆತ್ತದೆ ಕೇಳಿದ.

"ಮಂತ್ರಿ ಕಿವಿಗೆ ಹಾಕಿದೀನಿ ಬಾರ್ಟ್ಲಿ."

"ಯಾವ ಕಿವಿಗೆ? ಕೇಳ್ಸೋ ಕಿವಿಗೋ, ಕಿವುಡು ಕಿವಿಗೋ?"

ಎಲ್ಲರೂ ನಕ್ಕರು, ಮ್ಯಾಲಕಿಯೂ ನಕ್ಕ. ಅವನು ಚಹಾ ಕುಡಿದು, ಇಬ್ಬರ ಹಸುಗಳ ಕ್ಷೇಮ ಕೇಳಿ ಹೊರಟುಹೋದ. ಆಗ ಡಿಂಪ್ನಾ ಒಲೆಯ ಕಡೆಯಿಂದ ಹೇಳಿದಳು: "ಮುಚ್ಚೋದಕ್ಕೆ ಓಟು ಹಾಕಿದ್ದೂ ಅವರೇ. ಇಲ್ಲಿ ಬಂದು ಬೆನ್ನು ಸವರೋದೂ ಅವರೇ."

"ಹಂಗಾದ್ರೆ ನೀನೇ ನಿಲ್ಲು" ಎಂದ ಬಾರ್ಟ್ಲಿ.

"ಚಹಾ ಆರ್ತಾ ಇದೆ, ಕುಡೀರಿ."

"ತಮಾಷೆ ಅಲ್ಲ ಮಗಳೇ. ಈ ಸೀಮೇಲಿ ನಿನ್ನ ಕೈ ಊಟ ಉಣ್ಣದೇ ಇರೋನು ಯಾವನಿದಾನೆ? ಒಂದು ಊಟಕ್ಕೆ ಒಂದು ಓಟು ಅಂದ್ರೂ ನೀನು ಪ್ರಧಾನಿ."

ಪಕ್ಷವಿಲ್ಲದೆ ನಿಲ್ಲುವವರ ಅರ್ಜಿಗೆ ಕ್ಷೇತ್ರದ ಮೂವತ್ತು ಮಂದಿಯ ಸಹಿ ಬೇಕು. ಮೊದಲ ಸಹಿ ಬಾರ್ಟ್ಲಿಯದೇ.

*

ಡಿಂಪ್ನಾಳ ಪರ ಓಡಾಡಿದವನು ಅವಳ ದೊಡ್ಡಮ್ಮನ ಮಗ ಕಾರ್ಮಾಕ್. ನಿವೃತ್ತ ಅಂಚೆಯವನು. ಯಾವ ಮನೆಯ ನಾಯಿ ಬೊಗಳುತ್ತದೆ, ಯಾವುದು ಕಚ್ಚುತ್ತದೆ ಎಂದು ಬಲ್ಲವನು. ಹಿಂದೆ ಬೇರೆ ಬೇರೆ ಚುನಾವಣೆಗಳಲ್ಲಿ ಎಣಿಕೆಯ ದಿನ ಕಟಕಟೆಗೆ ಒರಗಿ ನಿಂತು ಮತ ಲೆಕ್ಕ ಹಾಕಿದ ಅನುಭವವೂ ಅವನಿಗಿತ್ತು.

ನಮ್ಮಲ್ಲಿ ಮತಪತ್ರದ ಮೇಲೆ ಒಬ್ಬರಿಗೇ ಗುರುತು ಹಾಕಿ ಬರುವುದಿಲ್ಲ. ಇಷ್ಟದ ಕ್ರಮದಲ್ಲಿ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಪೆನ್ಸಿಲ್ಲಿನಲ್ಲಿ ಬರೆಯುತ್ತೇವೆ. ಮತ ಮೊದಲು ಒಂದನೆಯವರಿಗೆ ಹೋಗುತ್ತದೆ. ಅವರು ಕಣದಿಂದ ಬಿದ್ದರೆ, ಇಲ್ಲವೆ ಬೇಕಾದ್ದಕ್ಕಿಂತ ಹೆಚ್ಚು ಮತ ಪಡೆದು ಗೆದ್ದರೆ, ಆಗ ಎರಡನೆಯವರಿಗೆ ದಾಟುತ್ತದೆ. ಹೀಗಾಗಿ ನಮ್ಮ ಜನಕ್ಕೆ ಬಾಗಿಲಿಗೆ ಬಂದ ಯಾರಿಗೂ ಇಲ್ಲ ಎನ್ನಬೇಕಾದ ಕಷ್ಟವಿಲ್ಲ. ಎಲ್ಲರಿಗೂ ಏನಾದರೊಂದು ಕೊಡಬಹುದು. ಇದು ನಮ್ಮ ಸೌಜನ್ಯಕ್ಕೆ ಒಪ್ಪುವ ಪದ್ಧತಿ. ಆದರೆ ಸೌಜನ್ಯದಿಂದ ಎಡವಟ್ಟಾಗುವುದೂ ಇದರಲ್ಲೇ.

ಕ್ಷೇತ್ರಕ್ಕೆ ಮೂರು ಸ್ಥಾನ. ಎರಡು ಯಾರ ಪಾಲಿಗೆಂದು ಎಲ್ಲರಿಗೂ ಗೊತ್ತಿತ್ತು. ಮೂರನೆಯದರಲ್ಲಿ ಮ್ಯಾಲಕಿ ಮೂವತ್ತು ವರ್ಷದಿಂದ ಕೂತಿದ್ದ. ಡಿಂಪ್ನಾ ಗೆಲ್ಲುವುದಿದ್ದರೆ ಅವನನ್ನು ಎಬ್ಬಿಸಿಯೇ ಗೆಲ್ಲಬೇಕು.

ನವೆಂಬರಿನ ಸಂಜೆಗಳಲ್ಲಿ ಅವಳು ಕಾರ್ಮಾಕ್‌ನ ಕಾರಿನಲ್ಲಿ ಮನೆಮನೆ ತಿರುಗಿದಳು. ಎಲ್ಲ ಕಡೆಯೂ ಹಿತ್ತಿಲ ಬಾಗಿಲಿನಿಂದಲೇ ಒಳಗೆ ಹೋದಳು. ಮುಂಬಾಗಿಲು ಪಾದ್ರಿಗೆ ಮತ್ತು ಪೊಲೀಸರಿಗೆ. ಎಲ್ಲ ಕಡೆಯೂ ಚಹಾ, ಎಲ್ಲ ಕಡೆಯೂ ನಗು. ಆರೈಕೆ ಕೇಂದ್ರದ ಮಾತು ಬಂದರೆ ಅವಳು ಚೆನ್ನಾಗಿ ಮಾತಾಡುತ್ತಿದ್ದಳು, ಕಣ್ಣು ಹೊಳೆಯುತ್ತಿತ್ತು. ಏಳುವ ಹೊತ್ತಿಗೆ ಮಾತ್ರ ನಾಲಿಗೆ ಕಟ್ಟಿದಂತಾಗುತ್ತಿತ್ತು. "ಸರಿ ಹಾಗಾದ್ರೆ, ನಿಮಗೆ ಹೊತ್ತಾಯ್ತು" ಎಂದು ಎದ್ದುಬಿಡುತ್ತಿದ್ದಳು. ಮತ ಕೊಡಿ ಎಂದು ಕೇಳುವ ಕೆಲಸ ಹಿಂದೆ ಉಳಿದ ಕಾರ್ಮಾಕ್‌ನದು.

"ಒಂದು ಸಲ ಬಾಯಿಬಿಟ್ಟು ಕೇಳೇ ಮಾರಾಯ್ತಿ. ಹಲ್ಲು ಉದುರಲ್ಲ" ಎನ್ನುತ್ತಿದ್ದ ಅವನು.

"ನಾನು ಏನಕ್ಕೆ ಬಂದಿದೀನಿ ಅಂತ ಅವರಿಗೆ ಗೊತ್ತಿಲ್ವಾ? ಮುಖದ ಮೇಲೆ ಕೇಳಿದ್ರೆ ಇಕ್ಕಟ್ಟಿಗೆ ಸಿಕ್ಕಿಸಿದ ಹಾಗೆ."

"ಇಕ್ಕಟ್ಟಿಗೆ ಸಿಕ್ಕಿಸೋದಕ್ಕೇ ಚುನಾವಣೆ ಅನ್ನೋದು."

ಆದರೂ ಗಾಳಿ ಅವಳ ಕಡೆಗೇ ಬೀಸುತ್ತಿತ್ತು. ಇಗರ್ಜಿಯ ಮುಂದೆ, ಪೆಟ್ರೋಲ್ ಪಂಪಿನಲ್ಲಿ, ಗೋರಿಯ ಸುತ್ತ ನಿಂತಾಗಲೂ ಜನ ಅವಳ ಹೆಸರು ಹೇಳಿದರು. ಚುನಾವಣೆ ಶುಕ್ರವಾರ. ಹಿಂದಿನ ಭಾನುವಾರದ ಹೊತ್ತಿಗೆ 'ಡಿಂಪ್ನಾ ಗೆದ್ದಳು' ಎಂಬುದು ಸುದ್ದಿಯಾಗಿ ಹಬ್ಬಿತು. ಅದನ್ನು ಎಲ್ಲರಿಗಿಂತ ಹೆಚ್ಚು ಹಬ್ಬಿಸಿದವನು ಮ್ಯಾಲಕಿ ಕಾನ್‌ಬಾಯ್.

*

ಅದು ಅವಳಿಗೆ ಗೊತ್ತಾದದ್ದು ಬುಧವಾರ ಸಂಜೆ, ಬಾರ್ಟ್ಲಿಯ ಅಡುಗೆಮನೆಯಲ್ಲಿ. ನೋನಿ ಒಲೆಯ ಪಕ್ಕ ಶಾಲು ಹೊದ್ದು ಕೂತಿದ್ದಳು. ಬಾರ್ಟ್ಲಿ ಸಂಭ್ರಮದಲ್ಲಿದ್ದ.

"ಬಾ ಮಗಳೇ, ಬಾ! ಇನ್ನು ನಿನ್ನನ್ನ ಡೆಪ್ಯುಟಿ ಅಂತ ಕರೀಬೇಕು. ನಿಂದು ಆಯ್ತಲ್ಲ."

"ಎಲ್ಲಿ ಆಯ್ತು, ಇನ್ನೂ ಒಂದು ಓಟು ಬಿದ್ದಿಲ್ಲ."

"ಮ್ಯಾಲಕಿನೇ ಹೇಳಿದ. ನಿನ್ನೆ ಬಂದಿದ್ದ, ಒಬ್ಬನೇ. ಕೋಟು ನೋಡಬೇಕಿತ್ತು, ಗುಂಡಿ ಕಿತ್ತುಹೋಗಿತ್ತು. 'ಬಾರ್ಟ್ಲಿ, ಡಿಂಪ್ನಾ ಎಷ್ಟೋ ಮುಂದೆ ಹೊರಟುಹೋದಳು, ಅವಳನ್ನ ಹಿಡಿಯೋಕಾಗಲ್ಲ. ನಾನು ಮುಗಿದೆ' ಅಂದ. ನೋನಿ ಕೈ ಹಿಡ್ಕೊಂಡು ಕೂತಿದ್ದ. ನಮ್ಮಪ್ಪ ಸತ್ತಾಗ ಮೊದಲು ಬಂದೋನು ಅವನೇ, ನೆನಪಿದ್ಯಾ? ಪಾಪ ಕಣಮ್ಮ. ಮುಖ ಇಷ್ಟಾಗಿದೆ."

ಕಾರ್ಮಾಕ್ ಬಾಗಿಲ ಬಳಿ ಕೆಮ್ಮಿದ. ಡಿಂಪ್ನಾಳಿಗೆ ಆ ಕೆಮ್ಮು ಅರ್ಥವಾಯಿತು. ಈಗ ಹೇಳಬೇಕಾದ ಮಾತು ಯಾವುದೆಂದೂ ಗೊತ್ತಿತ್ತು. 'ಇಲ್ಲ, ಗೆದ್ದಿಲ್ಲ, ಕೂದಲೆಳೆಯಲ್ಲಿದೆ. ನಿಮ್ಮ ಒಂದನೆಯ ಮತ ನನಗೆ ಬೇಕು.' ಬಾಯಿಯವರೆಗೂ ಬಂದಿತ್ತು.

ಆದರೆ ಎದುರಿಗೆ ಬಾರ್ಟ್ಲಿಯ ಮುಖ ಅಷ್ಟು ಹಿಗ್ಗಿತ್ತು. ಈ ಮನೆಗೆ ಬಂದು ನನ್ನನ್ನು ಕಾಪಾಡಿ ಎನ್ನುವುದು, ಅದೂ ಮ್ಯಾಲಕಿ ನಿನ್ನೆಯಷ್ಟೇ ಅದನ್ನೇ ಹೇಳಿ ಹೋದ ಮೇಲೆ, ಅವಳಿಗೆ ಹೊಲಸೆನಿಸಿತು. ಇವರಿಬ್ಬರ ಎದುರು ಅಯ್ಯೋ ಪಾಪ ಎನ್ನಿಸಿಕೊಳ್ಳಲು ಪೈಪೋಟಿಯೇ? ಅಲ್ಲದೆ ನನ್ನ ಅರ್ಜಿಗೆ ಮೊದಲ ಸಹಿ ಹಾಕಿದವನೇ ಬಾರ್ಟ್ಲಿ, ಅವನನ್ನೂ ಕೇಳಬೇಕೇ?

"ನೋನಿ ಊಟ ಮಾಡ್ತಿದಾರಾ?" ಎಂದು ಕೇಳಿದಳು.

ಕಾರು ಏರಿದ ಮೇಲೆ ಕಾರ್ಮಾಕ್ ಎಂಜಿನ್ ಚಾಲೂ ಮಾಡಲಿಲ್ಲ.

"ವಾಪಸ್ ಹೋಗು ಒಳಗೆ."

"ಬೇಡ ಕಾರ್ಮಾಕ್."

"ಅವನು ಮನೆಮನೆಗೂ ಹೋಗಿ ನಿನ್ನ ಗೆಲ್ಲಿಸ್ತಿದಾನೆ ಕಣೇ! ಗೆದ್ದೋಳಿಗೆ ಯಾರಾದ್ರೂ ಓಟು ಹಾಕ್ತಾರಾ? ಮುಳುಗೋನ ಕೈ ಹಿಡೀತಾರೆ. ಅವನಿಗೆ ಒಂದು, ನಿನಗೆ ಎರಡು. ಅವನು ಕೊನೇವರೆಗೂ ಕಣದಲ್ಲಿ ಇರ್ತಾನೆ, ಆ ಎರಡನ್ನ ಯಾರೂ ತಿರುಗಿಸಿ ನೋಡಲ್ಲ."

"ಬಾರ್ಟ್ಲಿ ಹಾಗೆ ಮಾಡಲ್ಲ."

"ಬಾರ್ಟ್ಲಿ ಒಳ್ಳೆಯೋನು. ಅದಕ್ಕೇ ನನಗೆ ಭಯ."

ಅವಳು ಕಿಟಕಿಯ ಕಡೆ ತಿರುಗಿದಳು. ಕಾರ್ಮಾಕ್ ಕಾರು ಹೊರಡಿಸಿದ. ಇನ್ನೂ ಮೂರು ಮನೆಗಳಿದ್ದವು. ಮೂರರಲ್ಲೂ ಜನ ಅವಳಿಗೆ ಅಭಿನಂದನೆ ಹೇಳಿದರು, ಮೂರರಲ್ಲೂ ಅವಳು ಚಹಾ ಕುಡಿದಳು.

*

ಎಣಿಕೆ ಶನಿವಾರ, ಜಿಲ್ಲೆಯ ಕ್ರೀಡಾ ಸಭಾಂಗಣದಲ್ಲಿ. ಊರೂರಿನ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ಮತಪತ್ರಗಳನ್ನು ಬಿಡಿಸಿ ಇಡುತ್ತಾರೆ. ಕಟಕಟೆಯ ಈಚೆ ಎಲ್ಲ ಪಕ್ಷದ ಲೆಕ್ಕಿಗರೂ ಭುಜಕ್ಕೆ ಭುಜ ತಾಗಿಸಿ ಬಾಗಿ ನಿಂತು, ಕಂಡದ್ದನ್ನು ಗೆರೆ ಎಳೆದುಕೊಳ್ಳುತ್ತಾರೆ. ಅಧಿಕೃತ ಫಲಿತಾಂಶಕ್ಕೆ ಸಂಜೆಯಾಗಬೇಕು. ಆದರೆ ಯಾವ ಊರು ಯಾರ ಕೈ ಹಿಡಿಯಿತು, ಯಾರ ಕೈ ಬಿಟ್ಟಿತು ಎಂಬುದು ಮಧ್ಯಾಹ್ನದೊಳಗೆ ಜಿಲ್ಲೆಗೇ ಗೊತ್ತಾಗಿರುತ್ತದೆ. ಒಬ್ಬೊಬ್ಬರ ಮತ ಗುಟ್ಟು, ಊರಿನ ಮತ ಬಯಲು.

ದೂರದ ಊರುಗಳಲ್ಲಿ ಡಿಂಪ್ನಾ ಚೆನ್ನಾಗಿ ನಡೆಸಿದ್ದಳು. ಅಲ್ಲಿನ ಜನ ಅವಳನ್ನು ಸಂತೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಆದರೂ ಮಂಗಳವಾರದ ಊಟ ನೆನೆದು ಒಂದನೆಯ ಮತ ಕೊಟ್ಟಿದ್ದರು. ಆಮೇಲೆ ಡ್ರಮ್‌ಕೋರನ್ ಪೆಟ್ಟಿಗೆ ತೆರೆದರು. ಕಾರ್ಮಾಕ್ ಬಾಗಿ ನಿಂತ. ಡಿಂಪ್ನಾ ಅವನ ಹಿಂದೆ ನಿಂತು ಅವನ ಪೆನ್ಸಿಲ್ಲನ್ನೇ ನೋಡಿದಳು.

ಕಾನ್‌ಬಾಯ್ ಒಂದು, ಗಿಲ್‌ಹೂಲಿ ಎರಡು. ಗಿಲ್‌ಹೂಲಿ ಒಂದು. ಕಾನ್‌ಬಾಯ್ ಒಂದು, ಗಿಲ್‌ಹೂಲಿ ಎರಡು. ಕಾನ್‌ಬಾಯ್ ಒಂದು, ಗಿಲ್‌ಹೂಲಿ ಎರಡು. ಮತಪತ್ರಗಳು ಮಗುಚುತ್ತ ಹೋದಂತೆ ಅವಳ ಹೆಸರಿನ ಮುಂದೆ ಎರಡು, ಎರಡು, ಎರಡು. ಕೆಲವರು ಅಕ್ಕರೆಯಿಂದ ದೊಡ್ಡದಾಗಿ, ದುಂಡಗೆ ಬರೆದಿದ್ದರು. ಅರ್ಧಕ್ಕಿಂತ ಹೆಚ್ಚು ಊರು ಅವಳನ್ನು ಎರಡನೆಯವಳಾಗಿ ಪ್ರೀತಿಸಿತ್ತು.

ಕಾರ್ಮಾಕ್ ಹಿಂತಿರುಗಿ ನೋಡಲಿಲ್ಲ. ನೋಡದಿದ್ದುದಕ್ಕೆ ಅವಳು ಅವನಿಗೆ ಇಂದಿಗೂ ಕೃತಜ್ಞಳು.

ದೀಪ ಹಚ್ಚುವ ಹೊತ್ತಿಗೆ ಕೊನೆಯ ಸ್ಥಾನಕ್ಕೆ ಉಳಿದವರು ಇಬ್ಬರೇ, ಮ್ಯಾಲಕಿ ಮತ್ತು ಡಿಂಪ್ನಾ. ಅವನು ಮುಂದಿದ್ದ. ಅಂತರ ಎಷ್ಟು ಸಣ್ಣದೆಂದರೆ ಡ್ರಮ್‌ಕೋರನ್‌ನ ಒಂದೆರಡು ಬೀದಿಗಳು ಸಾಕಾಗುತ್ತಿದ್ದವು. ಮ್ಯಾಲಕಿಯ ಕಡೆಯವರು ಅವನನ್ನು ಹೆಗಲ ಮೇಲೆ ಎತ್ತಿದರು. ಕೆಳಗಿಳಿದ ಮೇಲೆ ಅವನು ನೇರ ಅವಳ ಬಳಿ ಬಂದ. ಮೈಮೇಲೆ ಒಳ್ಳೆಯ ಕೋಟಿತ್ತು.

"ನೀನೇ ಗೆದ್ದಿದ್ದೆ ಹುಡುಗಿ" ಎಂದ, ತಗ್ಗಿದ ದನಿಯಲ್ಲಿ. "ನಾನು ಹೆದರಿದ್ದು ನಿಜ. ಹೆದರಿಕೇನ ಬಾಗಿಲು ಬಾಗಿಲಿಗೂ ಹೊತ್ಕೊಂಡು ಹೋದೆ. ನೀನು ನಿಂದನ್ನ ಮನೇಲಿ ಮುಚ್ಚಿಟ್ಟೆ."

ಅವಳು ಅವನ ಕೈ ಕುಲುಕಿದಳು. ಅವಳಿಗೆ ಹೇಳಲು ಇದ್ದದ್ದು ಅವನಿಗಲ್ಲ.

*

ಮಂಗಳವಾರ ಅವಳು ಎಂದಿನಂತೆ ಕ್ಯಾಂಟೀನು ತೆರೆದಳು. ತೆರೆಯುವುದಿಲ್ಲವೇನೋ ಎಂದುಕೊಂಡವರೂ ಇದ್ದರು. ಡ್ರಮ್‌ಕೋರನ್‌ನ ಗಂಡಸರು ಟೋಪಿ ಕೈಯಲ್ಲಿ ಹಿಡಿದು, ಇಗರ್ಜಿಗೆ ತಡವಾಗಿ ಬಂದವರಂತೆ ಒಬ್ಬೊಬ್ಬರೇ ಒಳಗೆ ಬಂದರು.

"ಅನ್ಯಾಯ ಡಿಂಪ್ನಾ. ನಮ್ಮನೇಲಿ ಎಲ್ಲರದ್ದೂ ನಿನಗೇ ಒಂದು."

"ನಮ್ಮನೇಲೂ. ಕಣ್ಮುಚ್ಚಿ ನಿನಗೇ."

"ಆ ಗುಡ್ಡದ ಮೇಲಿನವರು ಕೈ ಕೊಟ್ಟಿರ್ಬೇಕು, ಅವರನ್ನ ನಂಬೋ ಹಾಗಿಲ್ಲ" ಎಂದು ಇನ್ನೊಬ್ಬ ಹೇಳಿದ. ಗುಡ್ಡದ ಮೇಲಿನವನೊಬ್ಬ ಅವನ ಬೆನ್ನ ಹಿಂದೆಯೇ ನಿಂತಿದ್ದ, ಅವನೂ ತಲೆಯಾಡಿಸಿದ.

ಡಿಂಪ್ನಾ ಬಡಿಸುತ್ತ ಹೋದಳು. ಇವರೆಲ್ಲ ಹೇಳಿದ ಒಂದುಗಳನ್ನು ಕೂಡಿಸಿದರೆ ಊರಿನಲ್ಲಿರುವವರಿಗಿಂತ ಹೆಚ್ಚು ಜನ ಮತ ಹಾಕಿರಬೇಕು ಎಂದು ಕಾರ್ಮಾಕ್ ಮೂಲೆಯಿಂದ ಗೊಣಗಿದ. ಅವಳಿಗೆ ಸಿಟ್ಟು ಬರಲಿಲ್ಲ. ಯಾರೂ ಅವಳ ಕಣ್ಣು ನೋಡಿ ಉಣ್ಣುತ್ತಿರಲಿಲ್ಲ ಎಂಬುದು ಮಾತ್ರ ಅವಳನ್ನು ಒಳಗೊಳಗೇ ಕೊರೆಯಿತು.

ಊಟದ ಗಲಾಟೆ ಮುಗಿದ ಮೇಲೆ ಬಾರ್ಟ್ಲಿ ಬಂದ. ಕೂರಲಿಲ್ಲ.

"ನಾನು ನಿನಗೆ ಎರಡು ಕೊಟ್ಟೆ" ಎಂದ.

ಮೂಲೆಯಲ್ಲಿದ್ದ ಕಾರ್ಮಾಕ್ ತಲೆಯೆತ್ತಿದ.

"ಅವನು ಹಂಗೆ ಕೂತಿದ್ನಲ್ಲ, ನೋನಿ ಕೈ ಹಿಡ್ಕೊಂಡು. ಅವಳು ಹಾಡೋಕೆ ಶುರು ಮಾಡಿದ್ಲು. ಮನೇಲಿ ಎಂದೂ ಹಾಡಿದೋಳಲ್ಲ. ನೀನು ಹೆಂಗೂ ಗೆದ್ದಿದೀಯ, ಇವನನ್ನೂ ಉಳಿಸ್ಕೊಂಡ್ರೆ ನಮಗೆ ಇಬ್ಬರಾಗ್ತಾರೆ ಅಂದ್ಕೊಂಡೆ. ಇಬ್ಬರನ್ನೂ ಉಳಿಸ್ಕೊಳ್ಳೋಕೆ ಹೋಗಿ..." ಅವನು ಕೈಯಲ್ಲಿದ್ದ ಟೋಪಿ ಮೇಜಿನ ಮೇಲಿಟ್ಟ. "ವಸಂತಕ್ಕೆ ಬಸ್ಸು ನಿಲ್ಲತ್ತೆ. ನನ್ನ ಕೈಯಾರೆ ಮಾಡ್ಕೊಂಡೆ."

ಡಿಂಪ್ನಾ ಒಲೆ ಆರಿಸಿ, ಬೆಂಚಿನ ಮೇಲೆ ಬಂದು ಕೂತಳು. ಮಂಗಳವಾರ ಆ ಹೊತ್ತಿನಲ್ಲಿ ಅವಳು ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಅವತ್ತು ನಿಮ್ಮ ಅಡುಗೆಮನೇಲಿ ನಾನು ಸುಳ್ಳು ಹೇಳಿದೆ ಬಾರ್ಟ್ಲಿ. ಬಾಯಿಂದ ಹೇಳ್ಲಿಲ್ಲ, ಸುಮ್ಮನಿದ್ದು ಹೇಳಿದೆ. ಗೆದ್ದಿಲ್ಲ ಅಂತ ನನಗೆ ಗೊತ್ತಿತ್ತು. ನನ್ನನ್ನ ಉಳಿಸಿ ಅನ್ನೋಕೆ ನಾಚಿಕೆ ಆಯ್ತು. ನಿಮ್ಮೆಲ್ಲರ ಹತ್ರ ಏನನ್ನೂ ಬೇಡದೇ ಇರೋದೇ ದೊಡ್ಡತನ ಅಂದ್ಕೊಂಡಿದ್ದೆ. ಬೇಡದೇ ಇರೋರಿಗೆ ಯಾರು ತಾನೆ ಏನು ಕೊಡ್ತಾರೆ?"

ಬಾರ್ಟ್ಲಿ ಎದುರಿಗೆ ಕೂತ. ಅವಳು ಅವನಿಗೆ ಚಹಾ ತರಲು ಏಳಲಿಲ್ಲ.

"ಈಗ ಒಂದು ಕೇಳ್ತೀನಿ" ಎಂದಳು. "ಶನಿವಾರ ಮ್ಯಾಲಕಿ ಪೇಟೆಯ ಪಬ್ಬಿನ ಹಿಂದಿನ ಕೋಣೇಲಿ ಜನರ ಅಹವಾಲು ಕೇಳೋಕೆ ಕೂರ್ತಾರೆ. ನಾನು ಹೋಗ್ಬೇಕು. ಒಬ್ಬಳೇ ಹೋಗೋಕೆ ನನ್ನಿಂದಾಗಲ್ಲ. ನೀವು ಬನ್ನಿ ನನ್ನ ಜೊತೆ." ಆಮೇಲೆ ತಲೆಯೆತ್ತಿ, ತಟ್ಟೆಗಳ ಮೇಲೆ ಬಾಗಿದ್ದ ಉಳಿದವರನ್ನು ನೋಡಿದಳು. "ನೀವೂ. ನನಗೆ ಒಂದು ಕೊಟ್ಟೋರು, ಎರಡು ಕೊಟ್ಟೋರು, ಎಲ್ಲರೂ."

*

ಶನಿವಾರ ಪಬ್ಬಿನ ಹಿಂದಿನ ಕೋಣೆಯ ಮುಂದೆ ಡ್ರಮ್‌ಕೋರನ್‌ನವರು ಗೋಡೆಯುದ್ದಕ್ಕೂ ನಿಂತಿದ್ದರು. ಬಾಗಿಲು ತೆರೆದ ಮ್ಯಾಲಕಿ ಮೊದಲು ಅವರನ್ನೂ ಆಮೇಲೆ ಅವಳನ್ನೂ ನೋಡಿದ.

"ಡಿಂಪ್ನಾ, ನೀನು ಸರದೀಲಿ ನಿಲ್ಲೋದೇನು! ಬಾ, ಬಾ."

"ಮುಂಚೆ ಬಂದವರದು ಆಗ್ಲಿ. ಕಾಯ್ತೀವಿ."

ಸರದಿ ಬಂದಾಗ ಅವಳೂ ಬಾರ್ಟ್ಲಿಯೂ ಒಳಗೆ ಹೋಗಿ ಕೂತರು. ಬಾಗಿಲು ತೆರೆದೇ ಇತ್ತು. ಹೊರಗಿನವರಿಗೆಲ್ಲ ಕೇಳಿಸುತ್ತಿತ್ತು.

"ನಮ್ಮೂರ ಪೆಟ್ಟಿಗೇಲಿ ಏನಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು" ಎಂದಳು ಡಿಂಪ್ನಾ.

"ಗೊತ್ತು" ಎಂದ ಮ್ಯಾಲಕಿ.

"ನೀವು ಕೇಳಿದ್ರಿ, ಅವರು ಉಳಿಸಿದ್ರು. ಅದನ್ನ ಎತ್ತಿ ಆಡೋಕೆ ಬಂದಿಲ್ಲ. ನನಗೆ ಸಹಾಯ ಬೇಕು ಮ್ಯಾಲಕಿ. ಆ ಕೇಂದ್ರ ಉಳಿಸೋದು ನನ್ನೊಬ್ಬಳ ಕೈಲಿ ಆಗಲ್ಲ."

ಮ್ಯಾಲಕಿ ಕನ್ನಡಕ ತೆಗೆದು ಒರೆಸಿದ. ಮಂತ್ರಿಯ ಕಿವಿಯ ಮಾತು ಈ ಸಲ ಅವನ ಬಾಯಿಂದ ಬರಲಿಲ್ಲ.

"ನಾನೂ ಮುಚ್ಚೋದಕ್ಕೇ ಓಟು ಹಾಕಿದೀನಿ" ಎಂದ ಕೊನೆಗೆ. "ಈಗ ನಾನು ಹೋಗಿ ಬೇಡ ಅಂದ್ರೆ ಅವರು ನಗ್ತಾರೆ. ನೀನು ಬರ್ತೀಯಾ ಡಬ್ಲಿನ್‌ಗೆ? ಬುಧವಾರ ಮಂತ್ರಿ ಕೋಣೆ ಬಾಗಿಲು ನಾನು ತೆಗೆಸ್ತೀನಿ. ಮಾತು ನಿಂದು. ಆಗತ್ತೆ ಅಂತ ಹೇಳಲ್ಲ."

"ಆಗತ್ತೆ ಅಂದಿದ್ರೆ ನಾನು ನಂಬ್ತಿರಲಿಲ್ಲ" ಎಂದಳು ಅವಳು.

"ನೋನಿನೂ ಬರ್ಲಿ" ಎಂದ ಬಾರ್ಟ್ಲಿ, ಅವತ್ತು ಮೊದಲ ಸಲ ಬಾಯಿ ತೆರೆದು. "ಅವಳು ಮಂತ್ರಿ ಮುಂದೆ ಹಾಡ್ಲಿ. ಆದ್ರೆ ಅಷ್ಟು ದೂರ ಅವಳನ್ನ ಹೆಂಗೆ ಕರ್ಕೊಂಡು ಹೋಗೋದು? ಕಾರಲ್ಲಿ ಅವಳಿಗೆ ಕೂರೋಕಾಗಲ್ಲ."

ಆರೈಕೆ ಕೇಂದ್ರದ ಮಿನಿಬಸ್ಸಿನ ಚಾಲಕ ಹೊರಗೆ ಪಬ್ಬಿನ ಕೌಂಟರಿಗೆ ಒರಗಿ ಟೀವಿಯಲ್ಲಿ ಕುದುರೆ ರೇಸು ನೋಡುತ್ತಿದ್ದ. ಬುಧವಾರ ಅವನ ರಜೆಯ ದಿನ. ಡಿಂಪ್ನಾಳಿಗೆ ಅವನ ಮುಖ ಪರಿಚಯ ಅಷ್ಟೇ, ಅವನು ಸಂತೆಗೆ ಬರುವವನಲ್ಲ, ಅವಳ ಕೈ ಊಟ ಉಂಡವನೂ ಅಲ್ಲ. ಅವಳು ಎದ್ದು, ಗೋಡೆಯುದ್ದಕ್ಕೂ ನಿಂತಿದ್ದ ತನ್ನೂರಿನವರನ್ನು ದಾಟಿ, ಬಸ್ಸು ಕೇಳಲು ನೇರವಾಗಿ ಅವನ ಬಳಿಗೆ ಹೋದಳು.